ಬಂಗಾಳದ ಶ್ರೀಮಯಿ, ಹಿಂದಿಯ ಅನುಪಮಾ, ಕನ್ನಡದ ಆಶಾ: ಒಂದೇ ಕಥೆ ಮತ್ತೆ ಮತ್ತೆ ಬರುವುದೇಕೆ?

ಮುಂಬೈ, ಹೈದರಾಬಾದ್ ಅಥವಾ ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಹೊಸ ಅನುಭವವೇನಲ್ಲ. ಸಂಜೆ ಪಕ್ಕದ ಮನೆಯ ಟಿವಿಯಲ್ಲಿ ಮರಾಠಿಯದೋ ತೆಲುಗಿನದೋ ಧಾರಾವಾಹಿ ಓಡುತ್ತಿರುತ್ತದೆ. ಮಾತು ಅರ್ಧಂಬರ್ಧ ಅರ್ಥವಾದರೂ ಕಥೆ ಪೂರ್ತಿ ಗೊತ್ತಿರುತ್ತದೆ. ಊರಿನಲ್ಲಿ ಅಮ್ಮ ನೋಡುವ ಕನ್ನಡ ಧಾರಾವಾಹಿಯ ಕಥೆಯೂ ಅದೇ ಆಗಿರುತ್ತದೆ.

ಇದು ಬರೀ ಹೋಲಿಕೆಯಲ್ಲ, ನಿಜವಾಗಿಯೂ ಅದೇ ಕಥೆ. 2019ರಲ್ಲಿ ಸ್ಟಾರ್ ಜಲ್ಸಾ ವಾಹಿನಿಯಲ್ಲಿ 'ಶ್ರೀಮಯಿ' ಎಂಬ ಬಂಗಾಳಿ ಧಾರಾವಾಹಿ ಶುರುವಾಯಿತು. ಬರೆದವರು ಲೀನಾ ಗಂಗೋಪಾಧ್ಯಾಯ. ಗಂಡ, ಮಕ್ಕಳು, ಅತ್ತೆ ಎಲ್ಲರ ಸೇವೆ ಮಾಡಿ ಮನೆಯಲ್ಲಿ ಯಾರಿಗೂ ಲೆಕ್ಕಕ್ಕಿಲ್ಲದಂತಾದ ಗೃಹಿಣಿ, ಆಫೀಸಿನ ಇನ್ನೊಬ್ಬಳ ಜತೆ ಸಂಬಂಧ ಬೆಳೆಸಿದ ಗಂಡ, ನಡುವಯಸ್ಸಿನಲ್ಲಿ ಮುರಿದುಬೀಳುವ ಮದುವೆ, ಆಮೇಲೆ ತನ್ನ ಕಾಲ ಮೇಲೆ ನಿಲ್ಲುವ ಹೆಣ್ಣು. ಇದಿಷ್ಟು ಕಥೆಯ ಎಳೆ. ಇದೇ ಎಳೆ ಮರಾಠಿಯಲ್ಲಿ 'ಆಯಿ ಕುಠೆ ಕಾಯ್ ಕರತೆ', ಮಲಯಾಳಂನಲ್ಲಿ 'ಕುಡುಂಬವಿಳಕ್ಕ್', ತೆಲುಗಿನಲ್ಲಿ 'ಇಂಟಿಂಟಿ ಗೃಹಲಕ್ಷ್ಮಿ', ತಮಿಳಿನಲ್ಲಿ 'ಬಾಕ್ಯಲಕ್ಷ್ಮಿ', ಹಿಂದಿಯಲ್ಲಿ 2020ರ ಜುಲೈನಿಂದ 'ಅನುಪಮಾ' ಆಯಿತು. ಕನ್ನಡದಲ್ಲಿ ಸ್ಟಾರ್ ಸುವರ್ಣದ 'ಇಂತಿ ನಿಮ್ಮ ಆಶಾ' ಆಯಿತು. ಏಳು ಭಾಷೆಗಳಲ್ಲಿ ಒಬ್ಬಳೇ ತಾಯಿ.

ಹಾಗೆಂದು ಏಳೂ ಕಡೆ ಅಕ್ಷರಶಃ ಒಂದೇ ಎನ್ನುವಂತಿಲ್ಲ. ಹಿಂದಿಯ ಅನುಪಮಾ ನೃತ್ಯ ಕಲಿಸುತ್ತಾಳೆ, ಮರಾಠಿಯ ಅರುಂಧತಿ ಹಾಡುತ್ತಾಳೆ, ತಮಿಳಿನ ಬಾಕ್ಯ ಅಡುಗೆಯನ್ನೇ ಉದ್ಯೋಗ ಮಾಡಿಕೊಳ್ಳುತ್ತಾಳೆ. ಆಯಾ ಊರಿನ ಮಧ್ಯಮ ವರ್ಗದ ಹೆಂಗಸು ಯಾವ ಹುನ್ನರನ್ನು ಮನೆಯೊಳಗೇ ಅದುಮಿಟ್ಟುಕೊಂಡಿರುತ್ತಾಳೆ ಎಂಬ ಊಹೆ ಇದರಲ್ಲಿದೆ. ಒಳ್ಳೆಯ ರೀಮೇಕ್‌ನಲ್ಲಿ ಕೆಲಸ ನಡೆಯುವುದೇ ಇಂಥ ಕಡೆ.

ಹಾಗಾದರೆ ವಾಹಿನಿಗಳು ಹೊಸ ಕಥೆ ಬರೆಸುವುದನ್ನು ಬಿಟ್ಟು ಹಳೆಯದನ್ನೇ ಏಕೆ ತಿರುಗಿಸುತ್ತವೆ? 'ಕಲ್ಪನೆ ಬತ್ತಿದೆ' ಎಂಬುದು ಸುಲಭವಾದ ಉತ್ತರ, ಆದರೆ ಪೂರ್ತಿ ಸರಿಯಲ್ಲ. ಲೆಕ್ಕ ನೋಡಿದರೆ ವಿಷಯ ಬೇರೆಯೇ ಇದೆ.

ವಾರಕ್ಕೊಂದು ಸಿನಿಮಾ ಬರೆಯಬೇಕು

ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಆರು ಕಂತು ಎಂದುಕೊಂಡರೆ 132 ನಿಮಿಷ, ಅಂದರೆ ವಾರಕ್ಕೊಂದು ಸಿನಿಮಾದಷ್ಟು. ವರ್ಷಕ್ಕೆ 114 ಗಂಟೆ ದಾಟುತ್ತದೆ. ಎರಡೂವರೆ ಗಂಟೆಯ ಸಿನಿಮಾದ ಲೆಕ್ಕದಲ್ಲಿ 45 ಸಿನಿಮಾಗಳ ಸರಕು. ಒಂದೇ ಮನೆ, ಹತ್ತು ಹನ್ನೆರಡು ಪಾತ್ರ ಇಟ್ಟುಕೊಂಡು ಯಾವ ಬರಹಗಾರನೂ ವರ್ಷಕ್ಕೆ 45 ಸಿನಿಮಾದಷ್ಟು ಹೊಸ ಘಟನೆ ಹುಟ್ಟಿಸಲಾರ.

ನಾವು ನಗುವ ತಂತ್ರಗಳೆಲ್ಲ ಹುಟ್ಟಿದ್ದು ಈ ಒತ್ತಡದಿಂದಲೇ. ನಡುಮನೆಯಲ್ಲಿ ಎಂಟು ಜನ ನಿಂತಿದ್ದಾರೆ, ಒಬ್ಬರು ಒಂದು ಆಘಾತದ ಮಾತು ಆಡುತ್ತಾರೆ ಎಂದುಕೊಳ್ಳಿ. ಒಬ್ಬೊಬ್ಬರ ಮುಖವನ್ನು ಮೂರು ಸೆಕೆಂಡಿನಂತೆ ಎರಡು ಸುತ್ತು ತೋರಿಸಿದರೆ 48 ಸೆಕೆಂಡು ಕಳೆಯಿತು. ಸಂಭಾಷಣೆ ಬರೆಯಬೇಕಿಲ್ಲ, ಹೊಸ ಸೆಟ್ ಬೇಕಿಲ್ಲ. ಗುಡುಗಿನ ಸದ್ದು, ಮುಖದ ಮೇಲೆ ನುಗ್ಗುವ ಕ್ಯಾಮೆರಾ, ಹಿಂದಿನ ಕಂತಿನ ಕೊನೆಯ ದೃಶ್ಯವನ್ನು ಮತ್ತೆ ತೋರಿಸುವುದು, ಇವೆಲ್ಲ ನಿಮಿಷ ತುಂಬಿಸುವ ಕೆಲಸಗಳು. ನೆನಪು ಕಳೆದುಕೊಳ್ಳುವುದು, ಸತ್ತವರು ಬದುಕಿ ಬರುವುದು, ತಪ್ಪಿಹೋದ ತಾಳಿ, ಬದಲಾದ ಮದುಮಗಳು, ಇವು ಕಥೆ ಮುಗಿದ ಮೇಲೂ ಧಾರಾವಾಹಿ ಮುಗಿಯದಿದ್ದಾಗ ಹೊರತೆಗೆಯುವ ಆಯುಧಗಳು.

'ಪುಟ್ಟಗೌರಿ ಮದುವೆ'ಯನ್ನೇ ನೋಡಿ. ಹಿಂದಿಯ 'ಬಾಲಿಕಾ ವಧು' ಎಳೆಯಿಂದ, ಬಾಲ್ಯವಿವಾಹದಂಥ ಗಟ್ಟಿ ವಿಷಯ ಹಿಡಿದು ಆರಂಭವಾದ ಧಾರಾವಾಹಿ ಅದು. ವರ್ಷಗಳು ಉರುಳಿದಂತೆ ಗೌರಿ ಬೆಟ್ಟದಿಂದ ಬಿದ್ದೂ ಬದುಕಿ ಉಳಿಯುವ ಹಂತಕ್ಕೆ ಬಂತು. ಸಾಮಾಜಿಕ ಜಾಲತಾಣಗಳಲ್ಲಿ ಅದರ ಬಗ್ಗೆ ಬಂದ ಟ್ರೋಲ್‌ಗಳನ್ನು ಧಾರಾವಾಹಿ ನೋಡದವರೂ ನೋಡಿದ್ದಾರೆ.

ಎರಡನೆಯ ಕಾರಣ ರೇಟಿಂಗ್. 2015ರಿಂದ ವೀಕ್ಷಕರ ಲೆಕ್ಕ ಕೊಡುತ್ತಿರುವುದು ಬಾರ್ಕ್. ದೇಶದಾದ್ಯಂತ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಇಟ್ಟಿರುವ ಮೀಟರ್‌ಗಳಿಂದ ಬರುವ ಅಂಕಿ ಪ್ರತಿ ವಾರ ಹೊರಬೀಳುತ್ತದೆ. ಜಾಹೀರಾತಿನ ದರ ನಿಂತಿರುವುದು ಅದರ ಮೇಲೆ. ಎರಡು ಮೂರು ವಾರ ಅಂಕಿ ಬಿದ್ದರೆ ಸಾಕು, ಕಥೆ ತಿರುಗುತ್ತದೆ, ಇಲ್ಲವೇ ಸಮಯ ಬದಲಾಗುತ್ತದೆ. ಇಂಥ ಪರಿಸ್ಥಿತಿಯಲ್ಲಿ ಬೇರೊಂದು ಭಾಷೆಯಲ್ಲಿ ಆಗಲೇ ಪರೀಕ್ಷೆ ಪಾಸಾದ ಕಥೆ ಎಂದರೆ ವಿಮೆ ಇದ್ದಂತೆ. ಯಾವ ತಿರುವಿನಲ್ಲಿ ಜನ ಟಿವಿ ಮುಂದೆ ಕೂತರು, ಯಾವಾಗ ಎದ್ದು ಹೋದರು ಎಂಬ ವಾರವಾರದ ದಾಖಲೆ ವಾಹಿನಿಯ ಕೈಯಲ್ಲೇ ಇರುತ್ತದೆ.

ಮೂರನೆಯದು ಮಾಲೀಕತ್ವ. ಸ್ಟಾರ್, ಜೀ, ಕಲರ್ಸ್, ಸನ್ ಬಳಗದ ಉದಯ, ಯಾವುದನ್ನೇ ತೆಗೆದುಕೊಂಡರೂ ಒಂದೇ ಸಂಸ್ಥೆಗೆ ಹಲವು ಭಾಷೆಗಳಲ್ಲಿ ವಾಹಿನಿಗಳಿವೆ. ಬಂಗಾಳಿ ಕಥೆಯನ್ನು ಕನ್ನಡಕ್ಕೆ ತರಲು ಹೊರಗಿನ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಮಲಯಾಳಂನ 'ಕರುತ್ತ ಮುತ್ತು' ತೆಲುಗಿನಲ್ಲಿ 'ಕಾರ್ತಿಕ ದೀಪಂ', ತಮಿಳಿನಲ್ಲಿ 'ಭಾರತಿ ಕಣ್ಣಮ್ಮ', ಕನ್ನಡದಲ್ಲಿ 'ಮುದ್ದುಲಕ್ಷ್ಮಿ' ಆಗಿದ್ದೂ ಹೀಗೆ ಒಂದೇ ಬಳಗದೊಳಗೆ. ಬಣ್ಣದ ಕಾರಣಕ್ಕೆ ಅವಮಾನ ಉಣ್ಣುವ ಹೆಣ್ಣಿನ ಆ ಕಥೆ ನಾಲ್ಕೂ ಕಡೆ ಒಪ್ಪಿಗೆಯಾಯಿತು ಎಂಬುದು ನಮ್ಮ ನಾಲ್ಕೂ ರಾಜ್ಯಗಳ ಬಗ್ಗೆ ಏನೋ ಹೇಳುತ್ತದೆ, ಇರಲಿ.

ರಿಯಾಲಿಟಿ ಷೋಗಳದ್ದು ಇನ್ನೂ ನೇರ ವ್ಯವಹಾರ. ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಹುಟ್ಟಿದ 'ಬಿಗ್ ಬ್ರದರ್' ಕನ್ನಡಕ್ಕೆ 'ಬಿಗ್ ಬಾಸ್' ಆಗಿ ಬಂದದ್ದು 2013ರಲ್ಲಿ. ಬ್ರಿಟನ್ನಿನ 1998ರ ಕ್ವಿಜ್ ಷೋ 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ' ಆಯಿತು. ಇಲ್ಲಿ ಅಚ್ಚು ಒಂದೇ ಎಂದು ಯಾರೂ ಮುಚ್ಚಿಡುವುದಿಲ್ಲ, ಮಾರುವುದೇ ಆ ಅಚ್ಚನ್ನು.

ಟಿವಿ ಯಾವಾಗಲೂ ಹೀಗೇ ಇತ್ತೇ ಎಂದರೆ, ಇಲ್ಲ. ದೂರದರ್ಶನದ ಕಾಲದಲ್ಲಿ ಕಂತುಗಳು ಕಡಿಮೆ, ಕಥೆಗೆ ಅಂತ್ಯವಿತ್ತು. ಮುಂಬೈ ಕನ್ನಡ ರಂಗಭೂಮಿಯ ಸದಾನಂದ ಸುವರ್ಣ ಅವರ 'ಗುಡ್ಡದ ಭೂತ' ಬೆರಳೆಣಿಕೆಯ ಕಂತುಗಳಲ್ಲಿ ಮುಗಿದರೂ ಕರಾವಳಿಯ ಒಂದಿಡೀ ಪೀಳಿಗೆಗೆ ಇಂದಿಗೂ ನೆನಪಿದೆ. 1998ರಲ್ಲಿ ಶುರುವಾದ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ 'ಮಾಯಾಮೃಗ' ದಿನನಿತ್ಯದ ಧಾರಾವಾಹಿಯೇ ಆಗಿದ್ದರೂ ಕನ್ನಡದ ನೆಲದ ಕಥೆಯಾಗಿತ್ತು. ದಿನವೂ ಬರುವುದೇ ಸಮಸ್ಯೆಯಲ್ಲ ಎನ್ನಲು ಅದೊಂದು ಉದಾಹರಣೆ ಸಾಕು.

ಊರು ಸುತ್ತಿ ಮನೆಗೇ ಬಂದ ಕಥೆ

ಸಿನಿಮಾ ವಿಷಯಕ್ಕೆ ಬಂದರೆ ಕನ್ನಡಿಗರಲ್ಲಿ ಒಂದು ದೂರು ಹಳೆಯದು. 'ನಮ್ಮವರು ಬರೀ ರೀಮೇಕ್ ಮಾಡುತ್ತಾರೆ' ಎಂಬುದು. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ದಾರಿ ಎರಡೂ ಕಡೆ ತೆರೆದಿತ್ತು ಎಂಬುದನ್ನು ನಾವು ಮರೆಯುತ್ತೇವೆ.

ಪುಟ್ಟಣ್ಣ ಕಣಗಾಲ್ ಅವರ 1972ರ 'ನಾಗರಹಾವು' 1974ರಲ್ಲಿ ಹಿಂದಿಗೆ 'ಜಹರೀಲಾ ಇನ್ಸಾನ್', ತೆಲುಗಿಗೆ 'ಕೋಡೆನಾಗು' ಆಗಿ ಹೋಯಿತು. ಡಾ. ರಾಜ್‌ಕುಮಾರ್ ತ್ರಿಪಾತ್ರದ 'ಶಂಕರ್ ಗುರು' (1978) ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ 'ತ್ರಿಶೂಲಂ', ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಅವರ 'ಮಹಾನ್' ಆಯಿತು. 1986ರ 'ಅನುರಾಗ ಅರಳಿತು' ತಮಿಳಿನಲ್ಲಿ ರಜನಿಕಾಂತ್‌ಗೆ 'ಮನ್ನನ್', ತೆಲುಗಿನಲ್ಲಿ ಚಿರಂಜೀವಿಗೆ 'ಘರಾನಾ ಮೊಗುಡು', ಹಿಂದಿಯಲ್ಲಿ ಅನಿಲ್ ಕಪೂರ್ ಮತ್ತು ಶ್ರೀದೇವಿಗೆ 'ಲಾಡ್ಲಾ' ಕೊಟ್ಟಿತು. ಸೊಕ್ಕಿನ ಒಡತಿಯನ್ನು ಮಣಿಸುವ ಕಾರ್ಮಿಕನ ಆ ಕಥೆ ಮೂರು ಚಿತ್ರರಂಗಗಳಲ್ಲೂ ಓಡಿತು. ಹೈದರಾಬಾದ್‌ನಲ್ಲಿ ಅದನ್ನು ಚಿರಂಜೀವಿ ಸಿನಿಮಾ ಎಂದೇ ತಿಳಿದವರು ಈಗಲೂ ಇದ್ದಾರೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಇನ್ನೊಂದು. ಬಿ. ಪುಟ್ಟಸ್ವಾಮಯ್ಯ ಅವರ 'ಅರ್ಧಾಂಗಿ' ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ 1969ರಲ್ಲಿ 'ಮಲ್ಲಮ್ಮನ ಪವಾಡ' ಮಾಡಿದರು. ಮಲತಾಯಿಯನ್ನು ಕಣ್ಣು ಮುಚ್ಚಿ ನಂಬುವ ಓದು ಬಾರದ ಮಗ, ಆಕೆಯ ಸಂಚನ್ನು ಕಂಡುಹಿಡಿಯುವ ಹೆಂಡತಿ. 1987ರಲ್ಲಿ ಭಾಗ್ಯರಾಜ್ ಇದನ್ನು ತಮಿಳಿನಲ್ಲಿ 'ಎಂಗ ಚಿನ್ನ ರಾಸಾ' ಮಾಡಿದರು. ಅಲ್ಲಿಂದ 1992ರಲ್ಲಿ ಹಿಂದಿಗೆ ಹೋಗಿ ಮಾಧುರಿ ದೀಕ್ಷಿತ್ ಮತ್ತು ಅನಿಲ್ ಕಪೂರ್ ಅವರ 'ಬೇಟಾ' ಆಯಿತು. ಮರುವರ್ಷವೇ ರವಿಚಂದ್ರನ್ ಅದೇ ಕಥೆಯಲ್ಲಿ ಕನ್ನಡದ 'ಅಣ್ಣಯ್ಯ' ಆದರು. 'ಬೇಟಾ'ದಲ್ಲಿ ಮಲತಾಯಿಯಾಗಿದ್ದ ಅರುಣಾ ಇರಾನಿ ಅವರೇ ಕನ್ನಡಕ್ಕೂ ಬಂದರು. ಕನ್ನಡದ ಕಾದಂಬರಿ, ಕನ್ನಡದ ಸಿನಿಮಾ, ಮದ್ರಾಸು ಮತ್ತು ಬೊಂಬಾಯಿ ಸುತ್ತಿ, 24 ವರ್ಷದ ನಂತರ ರೀಮೇಕ್ ಎಂಬ ಹಣೆಪಟ್ಟಿಯೊಂದಿಗೆ ಮನೆಗೆ ಮರಳಿತು. ಚಿತ್ರಮಂದಿರದಲ್ಲಿ ಶಿಳ್ಳೆ ಹೊಡೆದವರಲ್ಲಿ ಎಷ್ಟು ಜನರಿಗೆ 'ಮಲ್ಲಮ್ಮನ ಪವಾಡ' ನೆನಪಾಗಿತ್ತೋ!

ಎಪ್ಪತ್ತರ ದಶಕದವರೆಗೆ ಕನ್ನಡ ಸಿನಿಮಾದ ಕಥೆಯ ಕಣಜ ಕಾದಂಬರಿಯೇ ಆಗಿತ್ತು. ತ್ರಿವೇಣಿಯವರ 'ಶರಪಂಜರ', ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ', ಟಿ.ಕೆ. ರಾಮರಾವ್ ಅವರ 'ಬಂಗಾರದ ಮನುಷ್ಯ', ಅನಕೃ ಅವರ 'ಸಂಧ್ಯಾರಾಗ', ತರಾಸು ಅವರ 'ನಾಗರಹಾವು'. ಈ ಪಟ್ಟಿಯಲ್ಲಿ ಒಂದು ಇನ್ನೊಂದರಂತಿಲ್ಲ. ಮಾನಸಿಕ ಅಸ್ವಸ್ಥತೆಯಿಂದ ಗುಣವಾದ ಹೆಣ್ಣು, ಹಳ್ಳಿಗೆ ಬಂದು ಬೇಸಾಯಕ್ಕೆ ನಿಂತ ಯುವಕ, ದುರ್ಗದ ಒರಟು ಹುಡುಗ. ಬರಹಗಾರರು ಬೇರೆಬೇರೆ ಆಗಿದ್ದರಿಂದ ಲೋಕಗಳೂ ಬೇರೆಯಾಗಿದ್ದವು. ನಂತರದ ದಶಕಗಳಲ್ಲಿ ಕಾದಂಬರಿಯ ಜಾಗಕ್ಕೆ ಪಕ್ಕದ ರಾಜ್ಯದ ಹಿಟ್ ಸಿನಿಮಾ ಬಂತು. ತಮಿಳಿನ 'ಚಿನ್ನ ತಂಬಿ' ಅದೇ ವರ್ಷ 'ರಾಮಾಚಾರಿ' ಆಯಿತು. 'ಮುಂದಾನೈ ಮುಡಿಚ್ಚು' 'ಹಳ್ಳಿ ಮೇಷ್ಟ್ರು' ಆಯಿತು. ಎರಡೂ ಭರ್ಜರಿಯಾಗಿ ಓಡಿದವು ಎಂಬುದೇ ಮುಂದಿನ ರೀಮೇಕ್‌ಗಳಿಗೆ ಬಂಡವಾಳ.

ಡಬ್ಬಿಂಗ್ ಬೇಡ ಎಂದಾಗ ಆದದ್ದು

ಕನ್ನಡದಲ್ಲಿ ರೀಮೇಕ್ ಇಷ್ಟು ಬೆಳೆಯಲು ಬೇರೆಲ್ಲೂ ಇಲ್ಲದ ಒಂದು ಕಾರಣವಿದೆ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರ ಕನ್ನಡ ಚಳವಳಿ ಡಬ್ಬಿಂಗ್ ವಿರುದ್ಧ ನಿಂತಿತು. ಡಾ. ರಾಜ್‌ಕುಮಾರ್ ಕೂಡ ಜತೆಗಿದ್ದರು. ಚಿತ್ರೀಕರಣವೆಲ್ಲ ಮದ್ರಾಸಿನಲ್ಲಿ ನಡೆಯುತ್ತಿದ್ದ ಕಾಲ. ಡಬ್ಬಿಂಗ್ ಬಂದರೆ ಕನ್ನಡದ ಕಲಾವಿದ, ತಂತ್ರಜ್ಞರಿಗೆ ಕೆಲಸವೇ ಇರುವುದಿಲ್ಲ ಎಂಬ ಭಯ ನಿಜವಾದದ್ದೇ ಆಗಿತ್ತು. ಕಾನೂನಿನಲ್ಲಿ ನಿಷೇಧ ಇರಲಿಲ್ಲ, ಆದರೆ ಉದ್ಯಮದ ಕಟ್ಟುಪಾಡು ಅರ್ಧ ಶತಮಾನ ಉಳಿಯಿತು.

ಬೇರೆ ಭಾಷೆಯ ಸಿನಿಮಾ ಕನ್ನಡ ಮಾತಾಡುವಂತಿಲ್ಲ ಎಂದಾದ ಮೇಲೆ ಆ ಕಥೆ ಕನ್ನಡಿಗರಿಗೆ ಕನ್ನಡದಲ್ಲೇ ಸಿಗಲು ಇದ್ದದ್ದು ಒಂದೇ ದಾರಿ, ಮತ್ತೆ ಚಿತ್ರೀಕರಿಸುವುದು. ಕಟ್ಟುಪಾಡು ಕೆಲಸ ಉಳಿಸಿತು. ಅದರ ಜತೆಗೇ ರೀಮೇಕ್‌ಗೆ ಸ್ಪರ್ಧೆಯಿಲ್ಲದ ಮಾರುಕಟ್ಟೆಯನ್ನೂ ಕೊಟ್ಟಿತು. ಎರಡೂ ಸತ್ಯ. ಡಬ್ಬಿಂಗ್ ಪರ, ವಿರೋಧ ವಾದ ಮಾಡುವವರು ಸಾಮಾನ್ಯವಾಗಿ ಇದರಲ್ಲಿ ಅರ್ಧವನ್ನಷ್ಟೇ ಹೇಳುತ್ತಾರೆ.

ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧ ಎಂದು ತೀರ್ಪು ಕೊಟ್ಟು ಉದ್ಯಮದ ಸಂಘಟನೆಗಳಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ಅಜಿತ್ ಅವರ ತಮಿಳು ಸಿನಿಮಾ 'ಸತ್ಯದೇವ್ ಐಪಿಎಸ್' ಹೆಸರಿನಲ್ಲಿ ಕನ್ನಡ ಮಾತಾಡಿತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಹಿಂದಿಯ 'ಮಹಾಭಾರತ' ಕನ್ನಡ ಧ್ವನಿಯಲ್ಲಿ ಮನೆಮನೆಗೆ ಬಂತು.

ಎಲ್ಲ ರೀಮೇಕೂ ಒಂದೇ ಅಲ್ಲ

ನಕಲು ಎಲ್ಲಿ ಮುಗಿದು ಮರುಸೃಷ್ಟಿ ಎಲ್ಲಿ ಶುರುವಾಗುತ್ತದೆ ಎಂದು ನೋಡಲು 'ದೃಶ್ಯಂ' ಒಳ್ಳೆಯ ಉದಾಹರಣೆ. ಜೀತು ಜೋಸೆಫ್ ಅವರ 2013ರ ಈ ಮಲಯಾಳಂ ಚಿತ್ರದ ನಾಯಕ ಜಾರ್ಜ್‌ಕುಟ್ಟಿ ಕೇಬಲ್ ಟಿವಿ ಆಪರೇಟರ್. ಕನ್ನಡದಲ್ಲಿ ಅವನು ರಾಜೇಂದ್ರ ಪೊನ್ನಪ್ಪನಾದ. ತಮಿಳಿನ 'ಪಾಪನಾಶಂ'ನಲ್ಲಿ ಕಮಲ್ ಹಾಸನ್ ತಿರುನೆಲ್ವೇಲಿಯ ಮಾತಿನ ಸೊಗಡು ಹಿಡಿದರು. ಹಿಂದಿಯಲ್ಲಿ ಅಜಯ್ ದೇವಗನ್ ಗೋವಾದ ವಿಜಯ್ ಸಲಗಾಂವ್ಕರ್. ಸಿಂಹಳಕ್ಕೆ 2017ರಲ್ಲಿ ಹೋಯಿತು. 2019ರ ಚೀನಿ ಅವತರಣಿಕೆಯಲ್ಲಿ ಅಂತ್ಯವೇ ಬದಲಾಯಿತು, ಅಲ್ಲಿ ತಂದೆ ಕಾನೂನಿಗೆ ಶರಣಾಗುತ್ತಾನೆ. ತಪ್ಪಿಸಿಕೊಂಡ ತಂದೆಯನ್ನು ಮೆಚ್ಚಿದ ನಾವು, ಶರಣಾದ ತಂದೆಯನ್ನು ನೋಡಿದ ಅವರು. ಒಂದೇ ಕಥೆ ಎರಡು ಸಮಾಜಗಳನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾರದು. ಅಂದ ಹಾಗೆ, ನಾಯಕ ತನ್ನ ಕುಟುಂಬವನ್ನು ಉಳಿಸಿಕೊಳ್ಳುವ ಉಪಾಯ ಕಲಿಯುವುದು ಕೂಡ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿಯೇ.

ಫಾಜಿಲ್ ಅವರ 'ಮಣಿಚಿತ್ರತಾಳ್' (1993) ಕನ್ನಡದಲ್ಲಿ 2004ರ 'ಆಪ್ತಮಿತ್ರ' ಆದಾಗ ವಿಷ್ಣುವರ್ಧನ್, ಸೌಂದರ್ಯ ಅದನ್ನು ತಮ್ಮದೇ ಮಾಡಿಕೊಂಡರು. ಆಮೇಲೆ ತಮಿಳಿನ 'ಚಂದ್ರಮುಖಿ', ಹಿಂದಿಯ 'ಭೂಲ್ ಭುಲಯ್ಯ' ಬಂದವು. 'ಆಪ್ತಮಿತ್ರ', 'ಚಂದ್ರಮುಖಿ', 'ದೃಶ್ಯ' ಮೂರನ್ನೂ ನಿರ್ದೇಶಿಸಿದವರು ಪಿ. ವಾಸು. 'ಅನುರಾಗ ಅರಳಿತು' ಕಥೆಯನ್ನು 'ಮನ್ನನ್' ಮಾಡಿದವರೂ, 'ರಾಮಾಚಾರಿ'ಯ ಮೂಲ 'ಚಿನ್ನ ತಂಬಿ' ಮಾಡಿದವರೂ ಅವರೇ. ದಕ್ಷಿಣದ ಕಥೆಗಳ ಸಾಗಾಣಿಕೆಯಲ್ಲಿ ಇಂಥ ಕೆಲವರು ಸೇತುವೆಯಂತೆ ಕೆಲಸ ಮಾಡಿದ್ದಾರೆ.

ರೀಮೇಕ್ ಅಲ್ಲದ ಏಕತಾನತೆಯೂ ಇದೆ, ಅದು ಅಲೆಯ ರೂಪದಲ್ಲಿ ಬರುತ್ತದೆ. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ಗೆದ್ದ ಮೇಲೆ ಕನ್ನಡ ಸಿನಿಮಾದಲ್ಲಿ ವರ್ಷಗಟ್ಟಲೆ ಮಳೆ ನಿಲ್ಲಲಿಲ್ಲ. ಮಾತಿನ ಮಲ್ಲ ಪ್ರೇಮಿ, ಮಲೆನಾಡಿನ ಹಸಿರು, ಸೋನು ನಿಗಮ್ ಧ್ವನಿ ಇದ್ದರೆ ಸಿನಿಮಾ ಆಯಿತು ಎಂಬಂತಾಯಿತು. 2018 ಮತ್ತು 2022ರ 'ಕೆಜಿಎಫ್' ನಂತರ ಬಣ್ಣ ಬದಲಾಯಿತು. ಕಪ್ಪು ಮಸಿಯ ಪರದೆ, ಹಿನ್ನೆಲೆಯಲ್ಲಿ ನಾಯಕನ ಪುರಾಣ ಹೇಳುವ ಧ್ವನಿ, ತಾಯಿಗೆ ಕೊಟ್ಟ ಮಾತು, ಗನ್ನುಗಳ ಸಾಲು. 2023ರ 'ಕಬ್ಜ' ಬಂದಾಗ ವಿಮರ್ಶೆಗಳೆಲ್ಲ ಅದನ್ನು 'ಕೆಜಿಎಫ್' ಜತೆಗಿಟ್ಟೇ ಅಳೆದವು. ಪ್ರಶಾಂತ್ ನೀಲ್ ಅವರೇ ತಮ್ಮ 2014ರ 'ಉಗ್ರಂ' ಕಥೆಯನ್ನು 'ಸಲಾರ್' ಆಗಿ ಮತ್ತೆ ಹೇಳಿದರು, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಹಾಡು: ಮೊದಲ 30 ಸೆಕೆಂಡಿನ ಆಟ

'ಈಗಿನ ಹಾಡೆಲ್ಲ ಒಂದೇ ಥರ' ಎಂಬ ಮಾತು ಪ್ರತಿ ಪೀಳಿಗೆಯ ಬಾಯಲ್ಲೂ ಬಂದಿದೆ. ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಸ್ಪೇನ್‌ನ ಸಂಶೋಧಕರು 1955ರಿಂದ 2010ರವರೆಗಿನ ಲಕ್ಷಾಂತರ ಪಾಶ್ಚಾತ್ಯ ಧ್ವನಿಮುದ್ರಣಗಳನ್ನು ಕಂಪ್ಯೂಟರ್‌ನಲ್ಲಿ ವಿಶ್ಲೇಷಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಸ್ವರಗಳ ಜೋಡಣೆಯಲ್ಲಿ ವೈವಿಧ್ಯ ಕಡಿಮೆಯಾಗಿದೆ, ವಾದ್ಯಗಳ ನಾದ ಒಂದೇ ಥರ ಆಗುತ್ತಿದೆ, ಸದ್ದು ಮಾತ್ರ ಜೋರಾಗುತ್ತಾ ಹೋಗಿದೆ ಎಂಬುದು ಅದರ ಸಾರ. ಮೂರು ವರ್ಷದ ನಂತರ ಲಂಡನ್ನಿನ ಸಂಶೋಧಕರು ಅಮೆರಿಕದ ಜನಪ್ರಿಯ ಪಟ್ಟಿಯ ಸುಮಾರು 17 ಸಾವಿರ ಹಾಡುಗಳನ್ನು ನೋಡಿ ಬೇರೆ ಮಾತು ಹೇಳಿದರು. ಹಾಡುಗಳು ಸತತವಾಗಿ ಏಕರೂಪ ಆಗುತ್ತಿಲ್ಲ, 1964, 1983 ಮತ್ತು 1991ರಲ್ಲಿ ಶೈಲಿಯ ದೊಡ್ಡ ಬದಲಾವಣೆಗಳಾಗಿವೆ ಎಂದರು. ಅಂದರೆ ನಿಮ್ಮ ತಂದೆ ಹೇಳುವುದೂ ಪೂರ್ತಿ ಸುಳ್ಳಲ್ಲ, ನಿಮ್ಮ ಮಗಳು ಹೇಳುವುದೂ ಪೂರ್ತಿ ಸುಳ್ಳಲ್ಲ.

ನಮ್ಮ ಹಾಡುಗಳ ವಿಷಯದಲ್ಲಿ ಎರಡು ಬದಲಾವಣೆ ಕಣ್ಣಿಗೆ ಕಾಣುತ್ತದೆ. ಒಂದು, ತಾಳವಾದ್ಯ ಮತ್ತು ನಾದದ ತುಣುಕುಗಳು ಸಿದ್ಧಪಡಿಸಿದ ಸ್ಥಿತಿಯಲ್ಲಿ ಮಾರಾಟಕ್ಕೆ ಸಿಗುತ್ತವೆ. ಬೆಂಗಳೂರಿನ ಸ್ಟುಡಿಯೋದಲ್ಲೂ ಚೆನ್ನೈ, ಮುಂಬೈ ಸ್ಟುಡಿಯೋದಲ್ಲೂ ಅದೇ ಸಾಫ್ಟ್‌ವೇರ್, ಅದೇ ತುಣುಕು. ಇನ್ನೊಂದು, ಹಣದ ಲೆಕ್ಕ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡು ಕೇಳಿದರೆ ಮಾತ್ರ ಒಂದು ಎಣಿಕೆ. ರೀಲ್ಸ್‌ಗೆ ಬೇಕಾದದ್ದು ಅದಕ್ಕಿಂತಲೂ ಚಿಕ್ಕ ತುಣುಕು. ಹಳೆಯ ಹಾಡಿನ ನಿಧಾನದ ವಾದ್ಯ ಪೀಠಿಕೆ, ಎರಡು ಚರಣಗಳ ನಡುವಿನ ಪಿಟೀಲು, ಕೊಳಲು ಈ ಲೆಕ್ಕದಲ್ಲಿ ನಷ್ಟದ ಬಾಬತ್ತು. ಹಾಗಾಗಿ ಪಲ್ಲವಿಯ ಕೊಕ್ಕೆ ಮೊದಲೇ ಬಂದುಬಿಡುತ್ತದೆ, ಮತ್ತೆ ಮತ್ತೆ ಬರುತ್ತದೆ.

ಮತ್ತೆ ಕೇಳಿದ್ದು ಇಷ್ಟವಾಗುವುದು ಮನುಷ್ಯನ ಸ್ವಭಾವವೂ ಹೌದು. ಪರಿಚಯ ಹೆಚ್ಚಿದಷ್ಟೂ ಒಲವು ಹೆಚ್ಚುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯಾಂಕ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಜನಪ್ರಿಯ ಸಂಗೀತ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು, ಮೇಲಿನ ಚಿಕ್ಕಪುಟ್ಟ ವ್ಯತ್ಯಾಸ ಬರೀ ತೋರಿಕೆ ಎಂದು ಜರ್ಮನ್ ಚಿಂತಕ ಥಿಯೊಡೋರ್ ಅಡೋರ್ನೊ 1941ರಲ್ಲಿ ಬರೆದಿದ್ದರು. ಅವರ ಸಿಟ್ಟಿಗೆ ಕಾರಣವಿತ್ತು. ಆದರೆ ಅವರು ಯಕ್ಷಗಾನ ನೋಡಿರಲಿಲ್ಲ.

ಯಕ್ಷಗಾನದಲ್ಲಿ 'ಗದಾಯುದ್ಧ' ನೋಡಲು ಕೂತವರಿಗೆಲ್ಲ ಕೌರವನ ತೊಡೆ ಮುರಿಯುತ್ತದೆ ಎಂದು ಗೊತ್ತು. ಕಥೆ ಗೊತ್ತಿದ್ದೇ ರಾತ್ರಿಯಿಡೀ ಕೂರುತ್ತಾರೆ. ಮುಂಬೈಯ ಸಭಾಂಗಣಗಳಲ್ಲಿ ಊರಿನ ಮೇಳ ಬಂದಾಗಲೂ ಅಷ್ಟೇ. ಏಕೆಂದರೆ ಇಂದಿನ ಕೌರವ ಇಂದು ಏನು ಮಾತಾಡುತ್ತಾನೆ, ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಎಂಬುದು ಮೊದಲೇ ಬರೆದಿಟ್ಟದ್ದಲ್ಲ. ಗುಬ್ಬಿ ಕಂಪನಿಯ 'ಸದಾರಮೆ'ಗೆ ಜನ ಮತ್ತೆ ಮತ್ತೆ ಹೋದದ್ದೂ ನಟನ ಆ ದಿನದ ಹುಮ್ಮಸ್ಸಿಗಾಗಿ. ಧಾರಾವಾಹಿಯ ರೀಮೇಕ್‌ನಲ್ಲಿ ಇದು ತಿರುವುಮುರುವು. ಕಥೆ, ಚಿತ್ರಕಥೆ ಹೊರಗಿನಿಂದ ಸಿದ್ಧವಾಗಿ ಬರುತ್ತದೆ, ಕನ್ನಡದ ಬರಹಗಾರನಿಗೆ ಉಳಿಯುವುದು ಸಂಭಾಷಣೆ. ಅದೂ ಚಿತ್ರೀಕರಣಕ್ಕೆ ಹಿಂದಿನ ದಿನ ಎಂದರೆ ಹೊಸದು ಹೊಳೆಯಲು ಪುರುಸೊತ್ತು ಎಲ್ಲಿದೆ?

ಕದ್ದದ್ದು, ಹೋಲುವುದು: ಕಾನೂನು ಏನನ್ನುತ್ತದೆ

ಕಥೆಯ ಎಳೆಗೆ ಕಾಪಿರೈಟ್ ಇಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. 'ಹಮ್ ಹಿಂದುಸ್ತಾನಿ' ಎಂಬ ನಾಟಕ ಬರೆದ ಆರ್.ಜಿ. ಆನಂದ್, 1956ರ 'ನ್ಯೂ ಡೆಲ್ಲಿ' ಸಿನಿಮಾ ತಮ್ಮ ನಾಟಕದ ನಕಲು ಎಂದು ದಾವೆ ಹೂಡಿದ್ದರು. ವಿಚಾರ, ವಸ್ತು, ಕಥಾಹಂದರ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ರಕ್ಷಣೆ ಎಂದಿತು ನ್ಯಾಯಾಲಯ. ಎರಡನ್ನೂ ನೋಡಿದವನಿಗೆ ಎರಡನೆಯದು ಮೊದಲಿನದರ ನಕಲೇ ಎಂದು ನಿಸ್ಸಂದೇಹವಾಗಿ ಅನಿಸಬೇಕು ಎಂಬುದು ಅಳತೆಗೋಲು. ಆನಂದ್ ಸೋತರು. ಎರಡು ಸಿನಿಮಾ ಒಂದೇ ಥರ ಇವೆ ಎಂದು ನೀವು ಪಟ್ಟಿ ಮಾಡಿ ತೋರಿಸಿದರೂ ಯಾರಿಗೂ ಶಿಕ್ಷೆಯಾಗದಿರಲು ಇದೇ ಕಾರಣ.

ಸಂಗೀತದಲ್ಲಿ ಗೆರೆ ಎಳೆಯುವುದು ಇನ್ನೂ ಕಷ್ಟ. 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ತಮ್ಮ 'ನವರಸಂ' ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆರೋಪಿಸಿತು. ಚಿತ್ರತಂಡ ಅದನ್ನು ಅಲ್ಲಗಳೆಯಿತು. ಕೋಯಿಕ್ಕೋಡ್ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಹಾಡು ಕೆಲಕಾಲ ಕಾಣೆಯಾಯಿತು. ನವೆಂಬರ್‌ನಲ್ಲಿ ಒಟಿಟಿಗೆ ಸಿನಿಮಾ ಬಂದಾಗ ಬೇರೆ ರಾಗಸಂಯೋಜನೆ ಕೇಳಿ ಅಭಿಮಾನಿಗಳು ಬೇಸರಪಟ್ಟರು, ಆಮೇಲೆ ಮೂಲ ಹಾಡು ಮರಳಿತು. ರಾಗ ಯಾರ ಆಸ್ತಿಯೂ ಅಲ್ಲ. ಅದೇ ರಾಗದಲ್ಲಿ ಇಬ್ಬರು ಹಾಡು ಕಟ್ಟಿದರೆ ಹೋಲಿಕೆ ಬರುವುದು ಸಹಜ. ಆದರೆ ಲಯ, ವಾದ್ಯ, ತಿರುವು ಎಲ್ಲ ಸೇರಿ ಹೋಲಿಕೆ ಎಷ್ಟಾದರೆ ನಕಲು ಎಂಬುದಕ್ಕೆ ಅಳತೆಪಟ್ಟಿ ಇಲ್ಲ.

ಈಗ ಗಾಳಿ ಯಾವ ಕಡೆ?

ಸಿನಿಮಾದಲ್ಲಿ ರೀಮೇಕ್ ವ್ಯಾಪಾರ ಕುಗ್ಗುತ್ತಿದೆ. ಮೂಲ ಚಿತ್ರವೇ ಸಬ್‌ಟೈಟಲ್ ಅಥವಾ ಡಬ್ಬಿಂಗ್‌ನೊಂದಿಗೆ ಮೊಬೈಲಿಗೆ ಬರುವಾಗ ಮತ್ತೆ ಯಾಕೆ ಟಿಕೆಟ್ ಕೊಳ್ಳಬೇಕು? ಹಿಂದಿಯ 'ಜೆರ್ಸಿ' ಮತ್ತು 'ವಿಕ್ರಂ ವೇದಾ' 2022ರಲ್ಲಿ ನಿರೀಕ್ಷೆ ಮುಟ್ಟಲಿಲ್ಲ. ಅದೇ ವರ್ಷ ಹಿಂದಿಯ 'ದೃಶ್ಯಂ 2' ಭಾರಿ ಹಿಟ್ ಆಗಿ ಈ ನಿಯಮವನ್ನು ಮುರಿದದ್ದೂ ನಿಜ, ಅದರ ಮಲಯಾಳಂ ಮೂಲ ಒಂದೂವರೆ ವರ್ಷಕ್ಕೂ ಮೊದಲೇ ಒಟಿಟಿಯಲ್ಲಿತ್ತು.

ಕನ್ನಡದ ಮಟ್ಟಿಗೆ ಮುಖ್ಯವಾದದ್ದು ಬೇರೆ. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ 'ಲೂಸಿಯಾ' (2013) ತಮಿಳಿಗೆ ಹೋಯಿತು. ಅವರ 'ಯೂ ಟರ್ನ್' (2016) ತಮಿಳು, ತೆಲುಗು, ಹಿಂದಿ ದಾಟಿ ಫಿಲಿಪ್ಪೀನ್ಸ್‌ವರೆಗೂ ತಲುಪಿತು. ಬೆಂಗಳೂರಿನ ಒಂದು ಫ್ಲೈಓವರ್‌ನಲ್ಲಿ ಜನ ತಪ್ಪು ತಿರುವು ತೆಗೆದುಕೊಳ್ಳುವುದರಿಂದ ಹುಟ್ಟಿದ ಕಥೆ ಅದು. 'ಕಾಂತಾರ' ರೀಮೇಕ್ ಆಗಲೇ ಇಲ್ಲ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡು, ಎರಡು ವಾರದ ನಂತರ ಡಬ್ ಆಗಿ ದೇಶ ಸುತ್ತಿತು. ಭೂತಕೋಲ, ಕಂಬಳ, ಎಲ್ಲವೂ ಇದ್ದ ಹಾಗೇ ಹೋದವು. ಅದನ್ನು ಮತ್ತೊಂದು ಊರಿನಲ್ಲಿ ಮತ್ತೊಬ್ಬ ನಾಯಕನೊಂದಿಗೆ ಚಿತ್ರೀಕರಿಸುವುದು ಸಾಧ್ಯವೇ ಇರಲಿಲ್ಲ.

ಟಿವಿಯಲ್ಲಿ ಮಾತ್ರ ಗಾಳಿ ಇನ್ನೂ ಹಳೆಯ ದಿಕ್ಕಿಗೇ. ಧಾರಾವಾಹಿ ನೋಡುವವರು ಬಂಗಾಳಿ ಮೂಲವನ್ನು ಸಬ್‌ಟೈಟಲ್‌ನಲ್ಲಿ ಹುಡುಕಿ ನೋಡುವುದಿಲ್ಲ. ಅವರಿಗೆ ಬೇಕಾದದ್ದು ತಮ್ಮ ಮಾತು, ತಮ್ಮ ಸೀರೆ, ತಮ್ಮ ಹಬ್ಬ. 2024ರ ನವೆಂಬರ್‌ನಲ್ಲಿ ಸ್ಟಾರ್ ಮತ್ತು ವಯಾಕಾಮ್18 ಒಂದಾಗಿ ಜಿಯೋಸ್ಟಾರ್ ಆದ ಮೇಲೆ ಸ್ಟಾರ್ ಸುವರ್ಣ ಮತ್ತು ಕಲರ್ಸ್ ಕನ್ನಡ ಒಂದೇ ಸೂರಿನಡಿ ಬಂದಿವೆ. ಎರಡೂ ಬಳಗಗಳು ಹತ್ತಾರು ಭಾಷೆಗಳಲ್ಲಿ ವರ್ಷಗಳಿಂದ ಕೂಡಿಟ್ಟ ಕಥೆಗಳ ಕಪಾಟಿಗೆ ಈಗ ಒಂದೇ ಬೀಗದಕೈ.